ನಾಡದೋಣಿಗೆ ಟೂ ಸ್ಟ್ರೋಕ್ ಇಂಜಿನ್ನೋ, ಫೋರ್ ಸ್ಟ್ರೋಕ್ ಇಂಜಿನ್ನೋ? ಪದೇ ಪದೇ ಕೇಳುವ ಪ್ರಶ್ನೆಗಳು

ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್, ಕೊಳ್ಳುವುದು ನಾಡದೋಣಿಯವರ ಮನೆಯಲ್ಲಿ ಸಣ್ಣ ವಿಷಯ ಅಲ್ಲ. ಸೊಸೈಟಿ ಸಾಲ, ಹೆಂಡತಿಯ ಬಂಗಾರ, ಎರಡು ಮಳೆಗಾಲದ ದುಡಿಮೆ ಎಲ್ಲ ಅದರ ಮೇಲೆ ನಿಂತಿರುತ್ತದೆ. ನಮ್ಮ ಕುಂದಾಪುರ, ಬೈಂದೂರು ಕಡೆಯ ದಡಗಳಲ್ಲಿ ಹುಡುಗರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಹೊಳೆಯಲ್ಲಿ ಪ್ರವಾಸಿಗರ ದೋಣಿ ಓಡಿಸುವವರೂ ಕೇಳುತ್ತಾರೆ, ಅವರಿಗೂ ಉತ್ತರ ಇದೆ.

ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಅಂದರೆ ನಿಜಕ್ಕೂ ಏನು ವ್ಯತ್ಯಾಸ?

ಹಳೆಯ ಯಮಹಾ ಆರ್‌ಎಕ್ಸ್ 100 ಬೈಕು ನೆನಪಿದೆ ಅಲ್ವಾ? ಅದು ಟೂ ಸ್ಟ್ರೋಕ್. ಸ್ಪ್ಲೆಂಡರ್ ಫೋರ್ ಸ್ಟ್ರೋಕ್. ಒಂದು ಹೊಗೆ ಬಿಟ್ಟು ಚಂಗನೆ ಜಿಗಿಯುತ್ತದೆ, ಇನ್ನೊಂದು ಕಡಿಮೆ ಪೆಟ್ರೋಲಿನಲ್ಲಿ ಸದ್ದಿಲ್ಲದೆ ಓಡುತ್ತದೆ. ನೀರಿನ ಮೇಲೂ ಹೆಚ್ಚುಕಡಿಮೆ ಅದೇ ಕತೆ.

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಮ್ಮೆ ಇಂಧನ ಸಿಡಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಅದಕ್ಕೇ ಅದೇ ಎಚ್‌ಪಿಗೆ ಫೋರ್ ಸ್ಟ್ರೋಕ್ ದೊಡ್ಡದಾಗಿ, ಭಾರವಾಗಿ ಇರುತ್ತದೆ. ಟೂ ಸ್ಟ್ರೋಕ್‌ಗೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕೆಳಗೆ ಆಯಿಲ್ ತುಂಬಿಡುವ ಜಾಗ ಇಲ್ಲ. ಇಂಧನಕ್ಕೆ ಬೆರೆಸಿದ ಆಯಿಲ್ಲೇ ಒಳಗಿನ ಭಾಗಗಳಿಗೆ ಜಾರಿಕೆ ಕೊಡುತ್ತದೆ.

ಟೂ ಸ್ಟ್ರೋಕ್‌ನ ಒಂದು ದೋಷ ಹುಟ್ಟಿನಿಂದಲೇ ಬಂದದ್ದು. ಸುಟ್ಟ ಹೊಗೆ ಹೊರಗೆ ಹೋಗುವ ದಾರಿ ಮತ್ತು ಹೊಸ ಇಂಧನ ಒಳಗೆ ಬರುವ ದಾರಿ, ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆಗ ಸುಡದೇ ಇರುವ ಇಂಧನವೂ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್‌ಗಳಲ್ಲಿ ಹಾಕಿದ ಇಂಧನದ ಕಾಲು ಭಾಗದವರೆಗೂ ಹೀಗೆ ನೀರುಪಾಲಾಗಬಹುದು. ದೋಣಿಯ ಹಿಂದೆ ಬಣ್ಣಬಣ್ಣದ ಎಣ್ಣೆಯ ಪೊರೆ ಕಾಣುತ್ತದಲ್ಲ, ಅದು ನಿಮ್ಮ ದುಡ್ಡೇ.

ನಮ್ಮಲ್ಲಿ ಎಲ್ಲರೂ 9.9 ಎಚ್‌ಪಿ ಇಂಜಿನ್ನೇ ಯಾಕೆ ಹಾಕುತ್ತಾರೆ?

ಮಳೆಗಾಲದ ನಿಷೇಧದ ಕಾರಣಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಕಡಲಲ್ಲಿ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯುವಂತಿಲ್ಲ. 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ನಾಡದೋಣಿಯವರಿಗೆ ವರ್ಷದ ಗಳಿಕೆ ಆಗುವುದೇ ಆ ಎರಡು ತಿಂಗಳಲ್ಲಿ. ಹಾಗಾಗಿ 15 ಎಚ್‌ಪಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತರಬೇಡಿ.

ಫೋರ್ ಸ್ಟ್ರೋಕ್ ಹಾಕಿದರೆ ಇಂಧನ ಎಷ್ಟು ಉಳಿಯುತ್ತದೆ?

ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಲೆಕ್ಕ ಹಾಕಿಯೇ ನೋಡೋಣ.

9.9 ಎಚ್‌ಪಿಯ ಕಾರ್ಬುರೇಟರ್ ಟೂ ಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಅಂದಾಜು 5 ಲೀಟರ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. ಅದೇ ಅಳತೆಯ ಫೋರ್ ಸ್ಟ್ರೋಕ್‌ಗೆ 3.5 ಲೀಟರ್ ಸಾಕು. ಗಂಟೆಗೆ ಒಂದೂವರೆ ಲೀಟರ್ ಉಳಿಯಿತು. ದಿನಕ್ಕೆ 4 ಗಂಟೆ, ತಿಂಗಳಿಗೆ 20 ದಿನ ಓಡಿಸುವವರಿಗೆ 80 ಗಂಟೆ ಆಗುತ್ತದೆ. ಅಂದರೆ ತಿಂಗಳಿಗೆ 120 ಲೀಟರ್ ಉಳಿತಾಯ. ಲೀಟರಿಗೆ 100 ರೂಪಾಯಿ ಹಿಡಿದರೂ 12,000 ರೂಪಾಯಿ.

ಆಯಿಲ್ ಲೆಕ್ಕ ಬೇರೆ. 400 ಲೀಟರ್ ಪೆಟ್ರೋಲಿಗೆ 50ಕ್ಕೆ 1ರಂತೆ ಬೆರೆಸಿದರೆ 8 ಲೀಟರ್ ಟೂ ಸ್ಟ್ರೋಕ್ ಆಯಿಲ್ ಬೇಕು. ಈ ಅಳತೆಯ ಫೋರ್ ಸ್ಟ್ರೋಕ್‌ಗೆ 100 ಗಂಟೆಗೊಮ್ಮೆ ಸುಮಾರು ಒಂದು ಲೀಟರ್ ಆಯಿಲ್ ಬದಲಿಸಿದರೆ ಮುಗಿಯಿತು.

ಇದು ಪೂರ್ತಿ ಥ್ರಾಟಲ್‌ನ ಲೆಕ್ಕ. ಬಲೆ ಬಿಡುವಾಗ, ಎಳೆಯುವಾಗ, ಮೀನಿನ ಹಿಂಡು ಹುಡುಕುತ್ತಾ ನಿಧಾನಕ್ಕೆ ಹೋಗುವಾಗ ಟೂ ಸ್ಟ್ರೋಕ್ ಪೋಲು ಮಾಡುವ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಈಗ ತಿಂಗಳಿಗೆ ಮೂರು ಗಂಟೆ ಮಾತ್ರ ಓಡಿಸುವವರನ್ನು ನೋಡಿ. ಹೊಳೆ ದಾಟಿ ಕುದ್ರುವಿನ (ಹೊಳೆ ನಡುವಿನ ದ್ವೀಪದ) ತೋಟಕ್ಕೆ ಹೋಗಿ ಬರುವವರು ಹಾಗೆ ಇದ್ದಾರೆ. ಅವರಿಗೆ ಉಳಿಯುವುದು ನಾಲ್ಕೂವರೆ ಲೀಟರ್. ಫೋರ್ ಸ್ಟ್ರೋಕ್‌ಗೆ ಕೊಟ್ಟ ಹೆಚ್ಚಿನ ಬೆಲೆ ಇದರಿಂದ ಯಾವತ್ತೂ ವಾಪಸ್ ಬರುವುದಿಲ್ಲ. ಹಾಗಾಗಿ ಯಾರಾದರೂ "ಯಾವುದು ಒಳ್ಳೆಯದು" ಅಂತ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ?

ನಮ್ಮದು ಚಿಮಣಿ ಎಣ್ಣೆ ಇಂಜಿನ್. ಅದನ್ನು ಬಿಟ್ಟು ಪೆಟ್ರೋಲಿಗೆ ಹೋಗಬೇಕಾ?

ಸೀಮೆಎಣ್ಣೆ ಇಂಜಿನ್ನೂ ಟೂ ಸ್ಟ್ರೋಕ್ಕೇ. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕಾರ್ಬುರೇಟರ್ ಖಾಲಿ ಮಾಡಬೇಕು. ಅದನ್ನು ಮರೆತರೆ ಮರುದಿನ ಬೆಳಗಿನ ಜಾವ ಹಗ್ಗ ಎಳೆದು ಎಳೆದು ಹೆಗಲು ಬೀಳುತ್ತದೆ.

ರಿಯಾಯಿತಿ ದರದ ಎಣ್ಣೆ ರಹದಾರಿಗೆ (ಪರ್ಮಿಟ್‌ಗೆ) ಸರಿಯಾಗಿ ಸಿಗುವ ತನಕ ಇದಕ್ಕಿಂತ ಅಗ್ಗದ ಇಂಜಿನ್ ಇಲ್ಲ. ಆದರೆ ಎಣ್ಣೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅನ್ನುವ ನೋವು ಪ್ರತಿ ವರ್ಷದ್ದು. ಮೀನು ಇದ್ದ ದಿನ ಎಣ್ಣೆ ಇಲ್ಲ, ಎಣ್ಣೆ ಬಂದ ದಿನ ಮೀನು ಇಲ್ಲ. ಹೊಸದಾಗಿ ದುಡ್ಡು ಹಾಕುವವರು ಸೀಮೆಎಣ್ಣೆ ಇಂಜಿನ್ ಕೊಳ್ಳಬೇಡಿ ಅಂತಲೇ ನನ್ನ ಸಲಹೆ. ಇರುವ ಇಂಜಿನ್ ಚೆನ್ನಾಗಿದ್ದರೆ ಸುಮ್ನೆ ಮಾರಬೇಡಿ, ಎರಡನೆಯದಾಗಿ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಪೆಟ್ರೋಲ್ ಇಂಜಿನ್ನಿಗೆ ಸೀಮೆಎಣ್ಣೆ ಬೆರೆಸಬೇಡಿ. ಸೀಮೆಎಣ್ಣೆಗೆಂದು ಮಾಡಿದ ಇಂಜಿನ್ನಿನಲ್ಲಿ ಕಂಪ್ರೆಷನ್ ಕಡಿಮೆ ಇರುತ್ತದೆ. ಪೆಟ್ರೋಲ್ ಇಂಜಿನ್ನಿನ ಒತ್ತಡಕ್ಕೆ ಸೀಮೆಎಣ್ಣೆ ಹೊತ್ತಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಸುಟ್ಟುಹೋಗುತ್ತದೆ. ಫೋರ್ ಸ್ಟ್ರೋಕ್‌ನಲ್ಲಂತೂ ಸುಡದ ಸೀಮೆಎಣ್ಣೆ ಕೆಳಗಿನ ಆಯಿಲ್‌ಗೆ ಇಳಿದು ಅದನ್ನೂ ಕೆಡಿಸುತ್ತದೆ.

ಅಳಿವೆ ದಾಟುವಾಗ ಟೂ ಸ್ಟ್ರೋಕ್ಕೇ ಬೇಕು ಅನ್ನುತ್ತಾರೆ. ನಿಜವಾ?

ಹಿರಿಯರು ಸುಮ್ಮನೆ ಹೇಳಿದ ಮಾತಲ್ಲ ಇದು. ಮಳೆಗಾಲದ ಅಳಿವೆಯಲ್ಲಿ ಒಳಗಿನಿಂದ ಹೊಳೆಯ ನೆರೆ ದೂಡುತ್ತದೆ, ಹೊರಗಿನಿಂದ ತೆರೆ ಬರುತ್ತದೆ. ತೆರೆ ಎಣಿಸುತ್ತಾ ಕಾಯಬೇಕು. ಎರಡು ದೊಡ್ಡ ತೆರೆಗಳ ನಡುವೆ ಸಿಗುವ ಚಿಕ್ಕ ಬಿಡುವಿನಲ್ಲಿ ನುಗ್ಗಬೇಕು. ಆ ಹೊತ್ತಿನಲ್ಲಿ ಥ್ರಾಟಲ್ ತಿರುಗಿಸಿದ ತಕ್ಷಣ ದೋಣಿ ಹೊರಡಬೇಕು. ಒಂದೇ ಎಚ್‌ಪಿಯ ಎರಡು ಇಂಜಿನ್ ಇಟ್ಟರೆ ಹಗುರವಾದ ಟೂ ಸ್ಟ್ರೋಕ್ ಬೇಗ ಏರುತ್ತದೆ. ಫೋರ್ ಸ್ಟ್ರೋಕ್ ಒಂದು ಉಸಿರು ತಡ ಮಾಡುತ್ತದೆ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ತೆರೆ ಕಾಯುತ್ತಾ ಐದು, ಹತ್ತು ನಿಮಿಷ ಇಂಜಿನ್ ನಿಧಾನಕ್ಕೆ ಓಡುತ್ತಿರುತ್ತದೆ. ಆಗ ಟೂ ಸ್ಟ್ರೋಕ್‌ನ ಪ್ಲಗ್ ಎಣ್ಣೆ ಮೆತ್ತಿ ಹಸಿಯಾಗುತ್ತದೆ. ಥ್ರಾಟಲ್ ಕೊಟ್ಟಾಗ ಒಂದು ಸಿಲಿಂಡರ್ ಹೊಡೆಯದೆ ಇಂಜಿನ್ ತಡವರಿಸಿದರೆ ಅಳಿವೆ ಬಾಗಿಲಲ್ಲೇ ದೋಣಿ ಅಡ್ಡ ಬೀಳುತ್ತದೆ. ಫೋರ್ ಸ್ಟ್ರೋಕ್ ಈ ವಿಷಯದಲ್ಲಿ ನಂಬಿಕೆಯದು. ಎಷ್ಟು ಹೊತ್ತು ನಿಧಾನಕ್ಕೆ ಓಡಿಸಿದರೂ ಅದೇ ಲಯ.

ಸದ್ದಿನ ವಿಷಯವೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಕಂತಬಲೆ ಮುಗಿಸಿ ಬರುವಾಗ ಅಳಿವೆಯ ತೆರೆಯ ಸದ್ದು ಕಿವಿಗೆ ಬೀಳಬೇಕು. ಮುಂದೆ ನಿಂತವನು ಕೂಗಿದ್ದು ಹಿಂದೆ ಇಂಜಿನ್ ಹಿಡಿದವನಿಗೆ ಕೇಳಬೇಕು. ಫೋರ್ ಸ್ಟ್ರೋಕ್‌ನಲ್ಲಿ ಕೇಳುತ್ತದೆ.

ಯಾವ ಇಂಜಿನ್ ಆದರೂ ಸರಿ, ಅಳಿವೆಯಲ್ಲಿ ಕಿಲ್ ಸ್ವಿಚ್‌ನ (ಎಳೆದರೆ ಇಂಜಿನ್ ನಿಲ್ಲಿಸುವ ಸ್ವಿಚ್‌ನ) ಹಗ್ಗ ಕೈಗೆ ಸುತ್ತಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ. ಜಾಕೆಟನ್ನು ಮೂಟೆ ಕಟ್ಟಿ ದೋಣಿಯ ಮುಂದೆ ಇಟ್ಟರೆ ಪ್ರಯೋಜನ ಇಲ್ಲ.

ದೋಣಿ ಮಗುಚಿ ಇಂಜಿನ್ ಮುಳುಗಿದರೆ ಏನು ಮಾಡಬೇಕು?

ನಮ್ಮ ಮನೆಯ ದೋಣಿ ಒಂದು ಮಳೆಗಾಲದಲ್ಲಿ ಅಳಿವೆಯಲ್ಲೇ ಮಗುಚಿತು. ದೇವರ ದಯೆ, ಜನ ಎಲ್ಲ ದಡ ಸೇರಿದರು. ಇಂಜಿನ್ನನ್ನು ಮೇಲೆತ್ತಿ, ಒರೆಸಿ, ಬಿಸಿಲು ಬಂದ ಕೂಡಲೇ ಒಣಗಲಿ ಅಂತ ಮರಳ ಮೇಲೆ ಇಟ್ಟೆವು. ಒಣಗಿಸುವುದು ಒಳ್ಳೆಯದು ಅಂತಲೇ ಎಲ್ಲರೂ ಅಂದುಕೊಂಡಿದ್ದು. ಮರುದಿನ ಹಗ್ಗ ಎಳೆದರೆ ಅಲುಗಾಡಲಿಲ್ಲ. ಒಳಗೆ ಬೇರಿಂಗ್ ತುಕ್ಕು ಹಿಡಿದಿತ್ತು.

ಉಪ್ಪುನೀರು ಒಳಗೆ ಹೋದ ಇಂಜಿನ್ನಿಗೆ ಗಾಳಿಯೇ ಶತ್ರು. ಮೊದಲು ಸಿಹಿನೀರಿನಲ್ಲಿ ಪೂರ್ತಿ ತೊಳೆಯಿರಿ. ಪ್ಲಗ್ ಬಿಚ್ಚಿ, ಪ್ಲಗ್ಗಿನ ತೂತು ಕೆಳಮುಖ ಮಾಡಿ, ನಿಧಾನಕ್ಕೆ ಹಗ್ಗ ಎಳೆದು ನೀರು ಹೊರಗೆ ಬರಿಸಿ. ಕರಕರ ಸದ್ದು ಬಂದರೆ ಮರಳು ಹೋಗಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ಇಂಜಿನ್ ಓಡುತ್ತಿರುವಾಗಲೇ ಮುಳುಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಆಗಲೂ ಬಲವಂತ ಬೇಡ. ಎಲ್ಲ ಸರಿ ಇದ್ದರೆ ಇಂಧನದ ದಾರಿ ಮತ್ತು ಕಾರ್ಬುರೇಟರಿನಲ್ಲಿರುವ ನೀರು ಚೆಲ್ಲಿ, ಸಿಲಿಂಡರಿಗೆ ಸ್ವಲ್ಪ ಆಯಿಲ್ ಹಾಕಿ, ಒಂದೆರಡು ಗಂಟೆಯೊಳಗೆ ಶುರು ಮಾಡಿ ಚೆನ್ನಾಗಿ ಓಡಿಸಿ.

ಮೆಕ್ಯಾನಿಕ್ ಬರುವುದು ನಾಳೆಯಾದರೆ? ಇಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ಅದೇ ಸರಿಯಾದ ದಾರಿ.

ಇಲ್ಲಿ ಟೂ ಸ್ಟ್ರೋಕ್ ಗೆಲ್ಲುತ್ತದೆ. ಸರಳವಾದ ಇಂಜಿನ್, ನಮ್ಮ ಹುಡುಗರೇ ದಡದಲ್ಲಿ ಬಿಚ್ಚಿ ಸರಿ ಮಾಡುತ್ತಾರೆ. ಫೋರ್ ಸ್ಟ್ರೋಕ್‌ಗೆ ಇಷ್ಟರ ಮೇಲೆ ಕೆಳಗಿನ ಆಯಿಲ್ ಪೂರ್ತಿ ಚೆಲ್ಲಿ ಹೊಸದು ಹಾಕಬೇಕು, ಸ್ವಲ್ಪ ಓಡಿಸಿ ಮತ್ತೆ ಬದಲಿಸಬೇಕು. ಹಾಲಿನ ಬಣ್ಣ ಪೂರ್ತಿ ಹೋಗುವ ತನಕ ಇದು ಮುಗಿಯುವುದಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಮಾಡೆಲ್ ಆದರೆ ವೈರಿಂಗ್ ಚಿಂತೆಯೂ ಸೇರುತ್ತದೆ.

ತೂಕದಲ್ಲಿ ಎಷ್ಟು ವ್ಯತ್ಯಾಸ?

ಒಂದೇ ಕಂಪನಿಯ ಉದಾಹರಣೆ ನೋಡಿ. ತೊಹಾತ್ಸುವಿನ 9.8 ಎಚ್‌ಪಿ ಟೂ ಸ್ಟ್ರೋಕ್ ಸುಮಾರು 26 ಕಿಲೋ, ಅದೇ 9.8ರ ಫೋರ್ ಸ್ಟ್ರೋಕ್ ಸುಮಾರು 37 ಕಿಲೋ. ದಿನಾ ಸಂಜೆ ಇಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು, ಮರಳು ದಾಟಿ ಶೆಡ್ಡಿಗೆ ತರುವವನಿಗೆ ಆ 11 ಕಿಲೋ ದೊಡ್ಡದು. ಜೆಟ್ಟಿಗೆ ಕಟ್ಟಿದ ದೋಣಿಯಲ್ಲೇ ಇಂಜಿನ್ ಬಿಡುವವರಿಗೆ ಏನೂ ಅಲ್ಲ.

ಸಾಗಿಸುವಾಗ ಫೋರ್ ಸ್ಟ್ರೋಕನ್ನು ಹೇಗೆಂದರೆ ಹಾಗೆ ಮಲಗಿಸಬಾರದು. ಯಾವ ಮಗ್ಗುಲಿಗೆ ಮಲಗಿಸಬೇಕು ಅಂತ ಇಂಜಿನ್ನಿನ ಮೇಲೆ ಅಥವಾ ಅದರ ಪುಸ್ತಕದಲ್ಲಿ ಗುರುತು ಇರುತ್ತದೆ. ತಪ್ಪು ಮಗ್ಗುಲಾದರೆ ಆಯಿಲ್ ಸಿಲಿಂಡರಿಗೆ ಹರಿಯುತ್ತದೆ. ಇದನ್ನು ರಿಕ್ಷಾದವನಿಗೂ ಹೇಳಿ ಕಳಿಸಿ.

ಫೋರ್ ಸ್ಟ್ರೋಕ್ ಹಾಕಿದ ಮೇಲೆ ದೋಣಿ ಎಳೆಯುತ್ತಿಲ್ಲ. ಇಂಜಿನ್ ಕೆಟ್ಟದ್ದಾ?

ಹತ್ತರಲ್ಲಿ ಎಂಟು ಸಲ ಇಂಜಿನ್ನಿನ ತಪ್ಪಲ್ಲ, ಫ್ಯಾನಿನದ್ದು, ಅಂದರೆ ನೀರಿನಲ್ಲಿ ತಿರುಗುವ ಪ್ರೊಪೆಲ್ಲರಿನದ್ದು. ಹೊಸ ಇಂಜಿನ್ ಜೊತೆ ಬರುವ ಫ್ಯಾನ್ ಹಗುರವಾದ ಸಣ್ಣ ಬೋಟುಗಳಿಗೆ ಹೊಂದುವಂಥದ್ದು. ನಮ್ಮ ದೋಣಿಯಲ್ಲಿ ಬಲೆ, ಐಸು, ಆರೇಳು ಜನ, ಬರುವಾಗ ಮೀನು. ಅದೇ ಫ್ಯಾನ್ ಇಟ್ಟರೆ ಗುಡ್ಡ ಹತ್ತುವಾಗ ಬೈಕನ್ನು ನಾಲ್ಕನೇ ಗೇರಿನಲ್ಲಿ ಇಟ್ಟ ಹಾಗಾಗುತ್ತದೆ.

ಈ ಅಳತೆಯ ಬಹಳಷ್ಟು ಫೋರ್ ಸ್ಟ್ರೋಕ್‌ಗಳು ಪೂರ್ತಿ ಥ್ರಾಟಲ್‌ನಲ್ಲಿ 5,000ದಿಂದ 6,000 ಆರ್‌ಪಿಎಂ ನಡುವೆ ತಿರುಗಬೇಕು. ಟೂ ಸ್ಟ್ರೋಕ್‌ಗಳಿಗೆ ಅದಕ್ಕಿಂತ ತುಸು ಕಡಿಮೆ ಸಾಕು. ಪ್ಲಗ್ ವೈರಿಗೆ ಸುತ್ತಿ ಆರ್‌ಪಿಎಂ ತೋರಿಸುವ ಚಿಕ್ಕ ಮೀಟರ್ ಸಿಗುತ್ತದೆ. ದೋಣಿ ತುಂಬಿಸಿಕೊಂಡು ಓಡಿಸಿ ನೋಡಿ. 4,400 ಮಾತ್ರ ಬರುತ್ತಿದ್ದರೆ ಪಿಚ್ (ಫ್ಯಾನ್ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಕಡಿಮೆ ಇರುವ ಫ್ಯಾನ್ ಬೇಕು. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ.

ಭಾರದ ದೋಣಿಗೆಂದೇ ಮಾಡಿದ ಮಾಡೆಲ್‌ಗಳೂ ಇವೆ. ಯಮಹಾದ ಮಾಮೂಲಿ ಎಫ್9.9ರಲ್ಲಿ ಗೇರ್ ಅನುಪಾತ 2.08ಕ್ಕೆ 1. ಹೈ ಥ್ರಸ್ಟ್ ಟಿ9.9ರಲ್ಲಿ 2.92ಕ್ಕೆ 1. ಅದರಲ್ಲಿ ದೊಡ್ಡ ಫ್ಯಾನ್ ನಿಧಾನವಾಗಿ ತಿರುಗುತ್ತದೆ, ಎಳೆತ ಜಾಸ್ತಿ ಸಿಗುತ್ತದೆ. ನಿಮ್ಮ ಡೀಲರ್ ಹತ್ತಿರ ಇಂಥ ಮಾಡೆಲ್ ತರಿಸಲು ಆಗುತ್ತದಾ ಅಂತ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಬೈಕಿನ ಆಯಿಲ್ ಹಾಕಬಹುದಾ?

ಬೇಡ. ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಅಂತ ಬರೆದ ಆಯಿಲ್ ಬೇಕು. ಬೈಕಿನ ಟೂ ಸ್ಟ್ರೋಕ್ ಆಯಿಲ್ ಬೇರೆ ರೀತಿಯ ಬಿಸಿಗೆ ಮಾಡಿದ್ದು, ನೀರಿನಿಂದ ತಣ್ಣಗಾಗುವ ಇಂಜಿನ್ನಿನಲ್ಲಿ ಅದು ಮಸಿ ಕಟ್ಟುತ್ತದೆ. ಫೋರ್ ಸ್ಟ್ರೋಕ್‌ಗೆ ಎಫ್‌ಸಿ-ಡಬ್ಲ್ಯೂ ಗುರುತಿನ 10ಡಬ್ಲ್ಯೂ-30 ಸಾಮಾನ್ಯ.

ಫೋರ್ ಸ್ಟ್ರೋಕ್‌ನವರು ಆಯಿಲ್ ಕಡ್ಡಿ ನೋಡುವಾಗ ಮಟ್ಟ ಇಳಿದಿದೆಯಾ ಅಂತ ಮಾತ್ರ ನೋಡಬೇಡಿ, ಏರಿದೆಯಾ ಅಂತಲೂ ನೋಡಿ. ಇಂಜಿನ್ ಸರಿಯಾಗಿ ಬಿಸಿಯಾಗದೆ ಬರೀ ನಿಧಾನಕ್ಕೆ ಓಡಿದರೆ ಪೆಟ್ರೋಲ್ ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತದೆ. ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ. ಆಗ ಬದಲಿಸಲೇಬೇಕು.

ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಯಾವುದು ತಡೆಯುತ್ತದೆ?

ಪೂರ್ತಿ ತಡೆಯುವುದು ಎರಡೂ ಅಲ್ಲ. ಬಂಕಿನಲ್ಲಿ ಈಗ ಸಿಗುವುದು 20% ಎಥನಾಲ್ ಇರುವ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್ ಕಂಪನಿಗಳ ಪುಸ್ತಕದಲ್ಲಿ 10%ವರೆಗೆ ಅಂತ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಕಡಲ ಗಾಳಿಯಲ್ಲಿ ತೇವಕ್ಕೆ ಕೊರತೆ ಇದೆಯಾ? ನೀರು ಹೆಚ್ಚಾದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್‌ಗೆ ಇದು ಹೆಚ್ಚು ಅಪಾಯ, ಯಾಕೆಂದರೆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದು, ತಳದಿಂದ ಹೋಗುವ ದ್ರವದಲ್ಲಿ ಜಾರಿಕೆಯೇ ಇರುವುದಿಲ್ಲ.

ಕೊಳ್ಳುವ ಮೊದಲು ಡೀಲರ್ ಹತ್ತಿರ ಇ20ಗೆ ಗ್ಯಾರಂಟಿ ಇದೆಯಾ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಎರಡು ವಾರಕ್ಕಿಂತ ಹಳೆಯ ಮಿಶ್ರಣ ಬಳಸಬೇಡಿ. ರಜೆಯಲ್ಲಿ ಕಾರ್ಬುರೇಟರ್ ಖಾಲಿ ಮಾಡಿಯೇ ಇಡಿ.

ಪ್ರವಾಸಿಗರ ದೋಣಿಗೆ?

ಯೋಚನೆಯೇ ಬೇಡ, ಫೋರ್ ಸ್ಟ್ರೋಕ್. ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್ ಕಾಡು) ನೋಡಲು ಬಂದವರು ಹಕ್ಕಿಯ ಸದ್ದು ಕೇಳಬೇಕು. ಗಾಳಿ ಹಿಂದಿನಿಂದ ಬೀಸಿದಾಗ ಟೂ ಸ್ಟ್ರೋಕ್ ಹೊಗೆ ಎಲ್ಲ ದೋಣಿಯೊಳಗೇ ಬರುತ್ತದೆ, ಮಕ್ಕಳಿಗೆ ತಲೆನೋವು. ಅದಕ್ಕಿಂತ ಮುಖ್ಯವಾದದ್ದು ನೀರು. ಸುಡದ ಇಂಧನ ಹೋಗಿ ಸೇರುವುದು ಮೀನು, ಸಿಗಡಿ ಮರಿ ಮಾಡುವ ಕಾಂಡ್ಲಾದ ಬುಡಕ್ಕೆ. ಆ ಮರಿಗಳೇ ನಾಳೆ ನಮ್ಮ ಬಲೆಗೆ ಬರಬೇಕಾದ್ದು. ಅಮೆರಿಕದ ಟಾಹೋ ಸರೋವರದಲ್ಲಿ ಕಾರ್ಬುರೇಟರ್ ಟೂ ಸ್ಟ್ರೋಕ್‌ಗಳನ್ನು 1999ರಲ್ಲೇ ನಿಲ್ಲಿಸಿದರು.

ಹೊಗೆ ಬಿಡದ ಟೂ ಸ್ಟ್ರೋಕ್ ಇದೆಯಂತಲ್ಲ?

ಇದೆ, ಇತ್ತು. ಇಂಧನವನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಮಾಡೆಲ್‌ಗಳು. ಎವಿನ್‌ರೂಡ್‌ನ ಇ-ಟೆಕ್ ಅದರಲ್ಲಿ ಹೆಸರಾದದ್ದು. 1909ರಲ್ಲಿ ಶುರುವಾದ ಆ ಹೆಸರಿನ ಇಂಜಿನ್ ತಯಾರಿಕೆಯನ್ನು 2020ರಲ್ಲಿ ನಿಲ್ಲಿಸಿದರು. ಹಳೆಯದು ಎಲ್ಲಾದರೂ ಅಗ್ಗಕ್ಕೆ ಸಿಕ್ಕರೂ ಬಿಡಿಭಾಗಕ್ಕೆ ಒದ್ದಾಡಬೇಕು. ಬೇಡ.

ರಿಪೇರಿಗೆ ಯಾವುದು ಸುಲಭ?

ನಿಮ್ಮ ದಕ್ಕೆಯ ಮೆಕ್ಯಾನಿಕ್‌ಗೆ ಯಾವುದು ಗೊತ್ತೋ ಅದು. ಟೂ ಸ್ಟ್ರೋಕ್ ಬಿಚ್ಚುವವರು ಪ್ರತಿ ಬಂದರಿನಲ್ಲೂ ಇದ್ದಾರೆ. ಫೋರ್ ಸ್ಟ್ರೋಕ್‌ಗೆ ವಾಲ್ವ್ ಗ್ಯಾಪ್ ನೋಡಲು ಬರುವವನು ಎಲ್ಲಿದ್ದಾನೆ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಅಂತ ಮೊದಲೇ ವಿಚಾರಿಸಿ. ಸಿಗಡಿ ಬಿದ್ದ ವಾರ ಒಂದು ಸೀಲಿಗಾಗಿ ಎಂಟು ದಿನ ದೋಣಿ ದಡದಲ್ಲಿ ಕೂತರೆ, ಉಳಿಸಿದ ಪೆಟ್ರೋಲ್ ಲೆಕ್ಕ ಎಲ್ಲ ಅಲ್ಲಿಗೇ ಮುಗಿಯುತ್ತದೆ.

ಎರಡಕ್ಕೂ ಒಂದೇ ಆರೈಕೆ: ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯುವುದು, 100 ಗಂಟೆಗೆ ಗೇರ್ ಆಯಿಲ್, ವರ್ಷಕ್ಕೊಮ್ಮೆ ನೀರಿನ ಪಂಪಿನ ಇಂಪೆಲ್ಲರ್. ದಡದಿಂದ ದೋಣಿ ದೂಡುವ ನಮ್ಮಲ್ಲಿ ಮರಳು ಎಳೆದುಕೊಂಡು ಇಂಪೆಲ್ಲರ್ ಬೇಗ ಸವೆಯುತ್ತದೆ. ಹಿಂದಿನಿಂದ ಚಿಮ್ಮುವ ನೀರಿನ ಎಳೆ ಸಣ್ಣದಾದರೆ ತಕ್ಷಣ ನಿಲ್ಲಿಸಿ ನೋಡಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಏನು ಗಮನಿಸಬೇಕು?

ಬಣ್ಣ ನೋಡಬೇಡಿ. ಕಂಪ್ರೆಷನ್ ಮೀಟರ್ ಹಾಕಿಸಿ. ಎರಡು ಸಿಲಿಂಡರಿನ ಅಂಕೆ ನಡುವೆ 10%ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ. ಗೇರ್ ಆಯಿಲ್‌ನ ಸ್ಕ್ರೂ ಬಿಚ್ಚಿ ನಾಲ್ಕು ಹನಿ ಕೈಗೆ ಹಾಕಿಕೊಳ್ಳಿ. ಹಾಲಿನ ಹಾಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಮಾರುವವರು ಮೊದಲೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ, ಮರುದಿನ ಬೆಳಿಗ್ಗೆ ಬರುತ್ತೇನೆ ಅನ್ನಿ. ತಣ್ಣಗಿನ ಇಂಜಿನ್ ಎಷ್ಟನೇ ಎಳೆತಕ್ಕೆ ಹತ್ತುತ್ತದೆ ಅಂತ ನೀವೇ ನೋಡಬೇಕು.

ಹೊಸ ಇಂಜಿನ್ ಬಂತು. ಮೊದಲ ದಿನವೇ ಕಡಲಿಗೆ ಹೋಗಬಹುದಾ?

ಹೋಗಬೇಡಿ. ಮೊದಲ ಹತ್ತು ಗಂಟೆ ಹೊಳೆಯಲ್ಲೇ ಓಡಿಸಿ. ಮೊದಲ ಒಂದು ಗಂಟೆ ಪೂರ್ತಿ ಥ್ರಾಟಲ್ ಬೇಡ. ಆಮೇಲೆ ಒಂದೇ ವೇಗದಲ್ಲಿ ಇಡದೆ ಏರಿಸಿ ಇಳಿಸಿ ಓಡಿಸಿ. ಟೂ ಸ್ಟ್ರೋಕ್‌ಗೆ ಈ ಹತ್ತು ಗಂಟೆ ಸಾಮಾನ್ಯವಾಗಿ 25ಕ್ಕೆ 1ರಂತೆ ಆಯಿಲ್ ಹಾಕುತ್ತಾರೆ, ಆಮೇಲೆ 50ಕ್ಕೆ 1. ನಿಮ್ಮ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಅದೇ ಸರಿ. ಫೋರ್ ಸ್ಟ್ರೋಕ್‌ಗೆ 20 ಗಂಟೆಗೆ ಮೊದಲ ಆಯಿಲ್ ಬದಲಿಸಿ. ಪೂಜೆ ಮಾಡಿಸಿ ಹೂ ಹಾಕಿದ ದಿನವೇ ಮನೆಯ ಎಲ್ಲರನ್ನೂ ಕೂರಿಸಿಕೊಂಡು ಹೊಳೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಇಂಜಿನ್ನಿಗೂ ಅಷ್ಟೇ ನಿಧಾನ ಬೇಕು.